ಮೀನು ತರುವ ಮುನ್ನ ನೀರನ್ನು ಹದಗೊಳಿಸುವುದು: ಹೊಸ ಅಕ್ವೇರಿಯಂ ಸೈಕ್ಲಿಂಗ್‌ಗೆ ಸಮಗ್ರ ಮಾರ್ಗದರ್ಶಿ

ಶನಿವಾರ ಟ್ಯಾಂಕ್ ತರುತ್ತಾರೆ, ಭಾನುವಾರ ಮೀನು ಬಿಡುತ್ತಾರೆ, ಮುಂದಿನ ಶನಿವಾರದ ಹೊತ್ತಿಗೆ ಅರ್ಧ ಮೀನು ತೇಲುತ್ತಿರುತ್ತವೆ. ಇದು ಎಷ್ಟು ಸಾಮಾನ್ಯವೆಂದರೆ, "ನಮ್ಮ ಮನೆಗೆ ಮೀನು ಆಗಿಬರೋದಿಲ್ಲ" ಎಂದು ಟ್ಯಾಂಕನ್ನು ಅಟ್ಟಕ್ಕೆ ಏರಿಸಿದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಆ ಮೀನುಗಳಿಗೆ ಸಾಮಾನ್ಯವಾಗಿ ರೋಗವೇನೂ ಇರುವುದಿಲ್ಲ. ತಾವೇ ಹೊರಹಾಕಿದ ಅಮೋನಿಯಾದಲ್ಲಿ ಅವು ಸಾಯುತ್ತವೆ. ಆ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾಗಳು ಹೊಸ ಟ್ಯಾಂಕಿನಲ್ಲಿ ಇನ್ನೂ ಬೆಳೆದಿರುವುದಿಲ್ಲ. ಅವನ್ನು ಮೊದಲು ಬೆಳೆಸಿ, ಆಮೇಲೆ ಮೀನು ಬಿಡುವ ಕೆಲಸಕ್ಕೆ ಸೈಕ್ಲಿಂಗ್ ಎನ್ನುತ್ತಾರೆ. ಸರಿಯಾಗಿ ಮಾಡಿದರೆ ಮೀನೊಂದೂ ಸಾಯದೆ ಟ್ಯಾಂಕ್ ಶುರುವಾಗುತ್ತದೆ.

ಒಂದು ಮಾತನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ. ಟ್ಯಾಂಕಿಗೆ ನೀರು ತುಂಬಿಸಿ, ಫಿಲ್ಟರ್ ಹಾಕಿ, ಒಂದು ವಾರ ಖಾಲಿ ಓಡಿಸುವುದು ಸೈಕ್ಲಿಂಗ್ ಅಲ್ಲ. ಅಂಗಡಿಯಲ್ಲಿ ಬಹಳ ಸಲ ಸಿಗುವ ಸಲಹೆ ಇದೇ. ಆದರೆ ತಿನ್ನಲು ಏನೂ ಇಲ್ಲದ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಒಂದು ವಾರ ಬಿಡಿ, ಎರಡು ತಿಂಗಳು ಬಿಡಿ, ಅಮೋನಿಯಾ ಹಾಕದಿದ್ದರೆ ಟ್ಯಾಂಕ್ ಮೊದಲ ದಿನದಂತೆಯೇ ಇರುತ್ತದೆ. ಟ್ಯಾಂಕ್ ತಯಾರಾಗಿದೆಯೇ ಎಂಬುದನ್ನು ಕ್ಯಾಲೆಂಡರ್ ಹೇಳುವುದಿಲ್ಲ, ಟೆಸ್ಟ್ ಟ್ಯೂಬ್ ಹೇಳುತ್ತದೆ.

ನೀರಿನೊಳಗೆ ನಡೆಯುವುದೇನು

ಮೀನು ತಿಂದ ಆಹಾರದ ಪ್ರೋಟೀನಿನಲ್ಲಿರುವ ಸಾರಜನಕ ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರುಗಳಿಂದಲೇ ಹೊರಬರುತ್ತದೆ. ತಿನ್ನದೆ ಉಳಿದ ಕಾಳು, ಹಿಕ್ಕೆ, ಕೊಳೆತ ಎಲೆ ಇವೆಲ್ಲ ಅದಕ್ಕೆ ಸೇರಿಕೊಳ್ಳುತ್ತವೆ. ಕೆರೆಯಲ್ಲಿ ನೀರು ಅಪಾರ, ಮೀನು ಕಡಿಮೆ. 50 ಲೀಟರಿನ ಟ್ಯಾಂಕಿನಲ್ಲಿ ಆ ಅನುಕೂಲ ಇಲ್ಲ.

ನೈಟ್ರೊಸೊಮೊನಾಸ್ ಜಾತಿಯ ಬ್ಯಾಕ್ಟೀರಿಯಾಗಳು ಮತ್ತು ಅವುಗಳ ಜತೆಯ ಕೆಲವು ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ನೀರಿನಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಮೇಲೆ ಬಂದು ಬಾಯಿ ಬಿಡುತ್ತಿರುತ್ತದೆ, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಎರಡನೆಯ ಗುಂಪು ಈ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಹಳೆಯ ಪುಸ್ತಕಗಳಲ್ಲಿ ಈ ಕೆಲಸವನ್ನು ನೈಟ್ರೊಬ್ಯಾಕ್ಟರ್ ಹೆಸರಿಗೆ ಬರೆದಿರುತ್ತಾರೆ. ಅಕ್ವೇರಿಯಂಗಳಲ್ಲಿ ಮುಖ್ಯವಾಗಿ ಇದನ್ನು ಮಾಡುವುದು ನೈಟ್ರೊಸ್ಪೈರಾ ಎಂಬುದು 1990ರ ದಶಕದ ಕೊನೆಯಲ್ಲಿ ಗೊತ್ತಾಯಿತು. ಎರಡೂ ಹಂತಗಳನ್ನು ಒಂದೇ ಜೀವಿ ಪೂರೈಸಬಲ್ಲದು ಎಂಬ ಶೋಧ ಬಂದದ್ದು 2015ರಲ್ಲಿ, ಅದೂ ನೈಟ್ರೊಸ್ಪೈರಾ ಬಳಗದಲ್ಲೇ. ಕೊನೆಗೆ ಉಳಿಯುವ ನೈಟ್ರೇಟ್ ಹೆಚ್ಚು ಕಾಡುವುದಿಲ್ಲ. ಗಿಡಗಳು ಅದನ್ನು ಹೀರುತ್ತವೆ, ಉಳಿದದ್ದು ವಾರದ ನೀರು ಬದಲಾವಣೆಯಲ್ಲಿ ಹೋಗುತ್ತದೆ.

ತೊಂದರೆ ಇರುವುದು ವೇಗದಲ್ಲಿ. ಸಾಮಾನ್ಯ ಕೊಳೆಸುವ ಬ್ಯಾಕ್ಟೀರಿಯಾಗಳು ಅರ್ಧ ಗಂಟೆಯಲ್ಲಿ ಇಮ್ಮಡಿಯಾಗಬಲ್ಲವು. ಈ ಬಳಗಕ್ಕೆ ಒಳ್ಳೆಯ ಪರಿಸ್ಥಿತಿಯಲ್ಲೂ ಹೆಚ್ಚುಕಡಿಮೆ ಒಂದು ದಿನ ಬೇಕು. ಶೂನ್ಯದಿಂದ ಶುರುಮಾಡಿದರೆ 4ರಿಂದ 6 ವಾರ ಹಿಡಿಯುವುದು ಇದಕ್ಕೇ.

ಇನ್ನೊಂದು ಮುಖ್ಯ ಸಂಗತಿ: ಇವು ನೀರಿನಲ್ಲಿ ತೇಲಾಡಿಕೊಂಡು ಬದುಕುವುದು ತೀರಾ ಕಡಿಮೆ. ಸ್ಪಾಂಜು, ಸೆರಾಮಿಕ್ ರಿಂಗ್, ಜಲ್ಲಿ, ಗಾಜು, ಹೀಗೆ ಹಿಡಿದುಕೊಳ್ಳಲು ಸಿಕ್ಕಿದ ಕಡೆ ಲೋಳೆಯ ಪದರದೊಳಗೆ ಕೂರುತ್ತವೆ. ಹಾಗಾಗಿ ನೀರು ಬದಲಿಸಿದರೆ ಬ್ಯಾಕ್ಟೀರಿಯಾ ಹೋಗುವುದಿಲ್ಲ. ಫಿಲ್ಟರ್ ಸ್ಪಾಂಜನ್ನು ನಲ್ಲಿ ಕೆಳಗೆ ಹಿಂಡಿ ತೊಳೆದರೆ ಹೋಗುತ್ತದೆ.

ಬೇಕಾದ ಸಾಮಾನು

ಎರಡು ಅಡಿಯ ಟ್ಯಾಂಕನ್ನು, ಅಂದರೆ 24×12×12 ಇಂಚಿನದನ್ನು, ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇಂಚಿನ ಅಳತೆಗಳನ್ನು ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಬರುತ್ತದೆ. ಇಲ್ಲಿ ಸುಮಾರು 56. ಜಲ್ಲಿ, ಕಲ್ಲು, ಮೇಲೆ ಬಿಡುವ ಜಾಗ ಕಳೆದರೆ ನಿಜವಾದ ನೀರು 48ರಿಂದ 50 ಲೀಟರ್. ಈ ಲೆಕ್ಕ ಮುಂದೆ ಅಮೋನಿಯಾ ಹಾಕುವಾಗ ಬೇಕು, ಬರೆದಿಟ್ಟುಕೊಳ್ಳಿ. ದುಂಡನೆಯ ಗಾಜಿನ ಬೌಲ್ ಮನಸ್ಸಿನಲ್ಲಿದ್ದರೆ ದಯವಿಟ್ಟು ಬಿಟ್ಟುಬಿಡಿ. ಫಿಲ್ಟರಿಗೆ ಅಲ್ಲಿ ಜಾಗವಿಲ್ಲ, ಫಿಲ್ಟರ್ ಇಲ್ಲದೆ ಬ್ಯಾಕ್ಟೀರಿಯಾಕ್ಕೆ ಮನೆಯಿಲ್ಲ.

ಫಿಲ್ಟರುಗಳಲ್ಲಿ ನನ್ನ ಮೊದಲ ಆಯ್ಕೆ ಏರ್ ಪಂಪಿಗೆ ಜೋಡಿಸುವ ಜೋಡಿ ಸ್ಪಾಂಜ್ ಫಿಲ್ಟರ್. ಬೆಲೆ ಕಡಿಮೆ, ಕೆಡುವುದು ಅಪರೂಪ, ಬ್ಯಾಕ್ಟೀರಿಯಾ ಕೂರಲು ಜಾಗ ಧಾರಾಳ, ಜತೆಗೆ ನೀರಿಗೆ ಗಾಳಿಯೂ ಸಿಗುತ್ತದೆ. ಟ್ಯಾಂಕಿನ ಅಂಚಿಗೆ ತೂಗುಹಾಕುವ ಫಿಲ್ಟರ್ ಅಥವಾ ಟಾಪ್ ಫಿಲ್ಟರ್ ಇದ್ದರೆ ಅದೂ ಆಗುತ್ತದೆ, ಒಳಗೆ ಸ್ಪಾಂಜು ಮತ್ತು ಸೆರಾಮಿಕ್ ರಿಂಗ್ ತುಂಬಿಸಿ. ಬಿಳಿ ಹತ್ತಿಯಂಥ ಫ್ಲಾಸ್ ಒಂದನ್ನೇ ನೆಚ್ಚಬೇಡಿ, ತಿಂಗಳಿಗೊಮ್ಮೆ ಅದನ್ನು ಎಸೆಯುವಾಗ ಬ್ಯಾಕ್ಟೀರಿಯಾವನ್ನೂ ಎಸೆದಂತಾಗುತ್ತದೆ.

ದುಡ್ಡು ಉಳಿಸಬಾರದ ಒಂದು ವಸ್ತು ಎಂದರೆ ಟೆಸ್ಟ್ ಕಿಟ್. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ನಾಲ್ಕನ್ನೂ ಅಳೆಯುವ ಹನಿ ಹಾಕುವ ಕಿಟ್ ತೆಗೆದುಕೊಳ್ಳಿ. ಎಪಿಐ ಕಂಪನಿಯ ಮಾಸ್ಟರ್ ಕಿಟ್ ಹೆಚ್ಚಿನವರ ಕೈಯಲ್ಲಿರುತ್ತದೆ. ಕಾಗದದ ಪಟ್ಟಿಗಳು ಅಗ್ಗ, ಆದರೆ ಅವುಗಳಲ್ಲಿ ಅನೇಕವುಗಳಲ್ಲಿ ಅಮೋನಿಯಾದ ಚೌಕವೇ ಇರುವುದಿಲ್ಲ, ನಮಗೆ ಮೊದಲು ಬೇಕಾದದ್ದೇ ಅದು. ಕಿಟ್‌ನ ಬೆಲೆ ಕೇಳಿ ಹಿಂಜರಿಕೆ ಆಗುವುದು ಸಹಜ. ಇಬ್ಬರು ಮೂವರು ಸ್ನೇಹಿತರು ಸೇರಿ ಒಂದು ಕೊಂಡರೂ ಸಾಕು, ಒಂದು ಕಿಟ್‌ನಲ್ಲಿ ನೂರಾರು ಪರೀಕ್ಷೆಗಳಾಗುತ್ತವೆ.

ಇವಲ್ಲದೆ ಆಂಟಿ ಕ್ಲೋರಿನ್ ದ್ರವ, ಥರ್ಮಾಮೀಟರ್, ಸೂಜಿ ತೆಗೆದ 10 ಮಿಲಿ ಸಿರಿಂಜ್, ಒಂದು ನೋಟ್‌ಬುಕ್.

ನಿಮ್ಮ ಮನೆಗೆ ಬರುವ ನೀರು ಯಾವುದು

ಇದನ್ನು ತಿಳಿಯದೆ ಮುಂದೆ ಹೋಗಬೇಡಿ. ಕರ್ನಾಟಕದಲ್ಲಿ ಊರಿಂದೂರಿಗೆ ನೀರಿನ ಗುಣ ಅಷ್ಟು ಬೇರೆ.

ಬೆಂಗಳೂರು, ಮೈಸೂರಿನ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ನಲ್ಲಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ರೋಗ ಬರದಂತೆ ಕಾಯುವ ಅದೇ ಕ್ಲೋರಿನ್ ನಾವು ಬೆಳೆಸಲು ಹೊರಟ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಬಕೆಟಿನಲ್ಲಿ ಹಿಡಿದು ಏರ್ ಸ್ಟೋನ್ (ಏರ್ ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಕಲ್ಲು) ಹಾಕಿ ಒಂದು ದಿನ ಬಿಟ್ಟರೆ ಹೋಗುತ್ತದೆ. ಅವಸರವಿದ್ದರೆ ಆಂಟಿ ಕ್ಲೋರಿನ್ ಹಾಕಿ. ಅದರಲ್ಲಿರುವುದು ಸಾಮಾನ್ಯವಾಗಿ ಸೋಡಿಯಂ ಥಯೋಸಲ್ಫೇಟ್, ಹಳೆಯ ಫೋಟೋ ಸ್ಟುಡಿಯೋಗಳವರು ಹೈಪೋ ಎನ್ನುತ್ತಿದ್ದ ಹರಳೇ.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಕ್ಲೋರಿನ್ ಇಲ್ಲದಿರಬಹುದು, ಆದರೆ ಗಡಸು. ಪಿಎಚ್ 8ರ ಆಚೀಚೆ ಇರುವುದುಂಟು. ಬ್ಯಾಕ್ಟೀರಿಯಾ ಬೆಳೆಸಲು ಈ ನೀರು ಬಹಳ ಒಳ್ಳೆಯದು, ಅವಕ್ಕೆ ಬೇಕಾದ ಕಾರ್ಬೊನೇಟ್ ಇದರಲ್ಲಿ ತುಂಬಿರುತ್ತದೆ. ಅಪಾರ್ಟ್‌ಮೆಂಟಿನ ಸಾಫ್ಟನರ್ ಹಾಯ್ದು ಬಂದರೂ ಕಾರ್ಬೊನೇಟ್ ಹೋಗಿರುವುದಿಲ್ಲ, ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದಿರುತ್ತದೆ ಅಷ್ಟೆ. ಎಚ್ಚರ ಬೇಕಾದದ್ದು ಎರಡು ಕಡೆ. ಮೊದಲನೆಯದು, ಕೆಲವು ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಮೊದಲೇ ಇರುತ್ತದೆ. ಟ್ಯಾಂಕಿಗೆ ಹಾಕುವ ಮುನ್ನವೇ ನಿಮ್ಮ ನೀರಿನ ನೈಟ್ರೇಟ್ ಅಳೆದು ಬರೆದುಕೊಳ್ಳದಿದ್ದರೆ, ಮುಂದೆ ಅದನ್ನೇ ನೋಡಿ ಸೈಕಲ್ ಮುಗಿಯಿತು ಎಂದು ಮೋಸಹೋಗುತ್ತೀರಿ. ಎರಡನೆಯದು, ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದ ನೂರಕ್ಕೆ ಒಂದು ಭಾಗವೂ ವಿಷದ ರೂಪದಲ್ಲಿ ಇರುವುದಿಲ್ಲ, ಪಿಎಚ್ 8ರಲ್ಲಿ 25 ಡಿಗ್ರಿ ಉಷ್ಣತೆಗೆ ಅದು ನೂರಕ್ಕೆ ಐದರಷ್ಟಾಗುತ್ತದೆ. ಪರೀಕ್ಷೆಯಲ್ಲಿ ಒಂದೇ ಸಂಖ್ಯೆ ತೋರಿಸಿದರೂ ಬೋರ್‌ವೆಲ್ ನೀರಿನ ಮೀನಿಗೆ ಪೆಟ್ಟು ಹೆಚ್ಚು.

ಕರಾವಳಿ ಮತ್ತು ಮಲೆನಾಡಿನಲ್ಲಿ ಕಥೆ ತಿರುವುಮುರುವು. ಮುರಕಲ್ಲಿನ ನೆಲದ ಬಾವಿ ನೀರು ತುಂಬಾ ಮೆದು, ಪಿಎಚ್ 6ರ ಹತ್ತಿರ ಇರುವುದೂ ಉಂಟು. ಅಮೋನಿಯಾ ಕರಗಿಸುವ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ, ಅದನ್ನು ತಟಸ್ಥ ಮಾಡಲು ಕಾರ್ಬೊನೇಟ್ ಖರ್ಚಾಗುತ್ತದೆ. ಮೆದು ನೀರಿನಲ್ಲಿ ಅದು ಬೇಗ ಬರಿದಾಗಿ ಪಿಎಚ್ ಕುಸಿಯುತ್ತದೆ. 6.5ರ ಕೆಳಗೆ ಬ್ಯಾಕ್ಟೀರಿಯಾ ನಿಧಾನವಾಗುತ್ತವೆ, 6ರ ಕೆಳಗೆ ಹೆಚ್ಚುಕಡಿಮೆ ನಿಂತೇಬಿಡುತ್ತವೆ. ಮಂಗಳೂರು, ಉಡುಪಿ ಕಡೆಯವರು ಒಂದು ಹಿಡಿ ಕಪ್ಪೆಚಿಪ್ಪನ್ನು ಮಾಂಸದ ಚೂರೂ ಉಳಿಯದಂತೆ ಕುದಿಸಿ ಉಜ್ಜಿ, ಪುಡಿ ಮಾಡಿ, ಬಲೆಯ ಚೀಲದಲ್ಲಿ ಫಿಲ್ಟರಿನ ಹತ್ತಿರ ಇಟ್ಟರೆ ಅದು ಮೆಲ್ಲಗೆ ಕರಗುತ್ತಾ ನೀರನ್ನು ಹಿಡಿದು ನಿಲ್ಲಿಸುತ್ತದೆ. ತಕ್ಷಣಕ್ಕೆ ಬೇಕಾದರೆ ಅಡುಗೆ ಸೋಡಾ: 50 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್, ಅಂದರೆ ನೀರಿನ ಕಾರ್ಬೊನೇಟ್ ಅಳತೆ, ಸುಮಾರು 2 ಡಿಗ್ರಿ ಏರುತ್ತದೆ.

ಬರೀ ಆರ್‌ಓ ನೀರು ಮಾತ್ರ ಬೇಡ. ಅದರಲ್ಲಿ ಕಾರ್ಬೊನೇಟ್ ಇಲ್ಲವೆನ್ನುವಷ್ಟು ಕಡಿಮೆ.

ಅಮೋನಿಯಾ ಎಲ್ಲಿಂದ ತರುವುದು, ಎಷ್ಟು ಹಾಕುವುದು

ಅತ್ಯಂತ ಸ್ವಚ್ಛವಾದ ದಾರಿ ಅಮೋನಿಯಂ ಕ್ಲೋರೈಡ್ ಪುಡಿ. ಪ್ರಯೋಗಾಲಯದ ರಾಸಾಯನಿಕ ಮಾರುವ ಅಂಗಡಿಗಳಲ್ಲಿ ಅರ್ಧ ಕೆಜಿ ಡಬ್ಬ ಸಿಗುತ್ತದೆ, ಜೀವಮಾನಕ್ಕಾಗಿ ಮಿಗುತ್ತದೆ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೂ ಇದೇ ವಸ್ತು, ಆದರೆ ಸಂತೆಯಲ್ಲಿ ಸಿಗುವ ಗಟ್ಟಿಯಲ್ಲಿ ಲೋಹದ ಅಂಶ, ಮಣ್ಣು ಏನೇನಿರುತ್ತದೋ ತಿಳಿಯದು. ಅದನ್ನು ಟ್ಯಾಂಕಿಗೆ ಹಾಕಬೇಡಿ. ಯೂರಿಯಾ, ಡಿಎಪಿಯಂಥ ಗೊಬ್ಬರಗಳೂ ಬೇಡ. ನೆಲ ಒರೆಸುವ ಅಮೋನಿಯಾ ದ್ರವದಲ್ಲಿ ಸಾಬೂನು, ಸುಗಂಧ ಬೆರೆತಿರುತ್ತದೆ, ಅದೂ ಬೇಡ.

ಪ್ರತಿದಿನ ಕಾಲು ಗ್ರಾಂ, ಅರ್ಧ ಗ್ರಾಂ ತೂಗಲು ಯಾರಿಂದಲೂ ಆಗದು. ಅದಕ್ಕೆ ಒಂದು ಸುಲಭ ದ್ರಾವಣ ಮಾಡಿಟ್ಟುಕೊಳ್ಳಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 16 ಗ್ರಾಂ ಪುಡಿ ತೂಗಿ, ಸ್ವಲ್ಪ ನೀರಿನಲ್ಲಿ ಕದಡಿ, ಒಟ್ಟು 500 ಮಿಲಿ ಆಗುವಂತೆ ನೀರು ಸೇರಿಸಿ. ಕರಗುವಾಗ ಬಾಟಲಿ ಕೈಗೆ ತಣ್ಣಗಾಗುತ್ತದೆ, ಗಾಬರಿ ಬೇಡ, ಈ ಲವಣದ ಗುಣವೇ ಅದು. ಈ ದ್ರಾವಣದ 1 ಮಿಲಿ 10 ಲೀಟರ್ ನೀರಿನಲ್ಲಿ ಅಮೋನಿಯಾವನ್ನು 1 ಪಿಪಿಎಂ, ಅಂದರೆ ಲೀಟರಿಗೆ 1 ಮಿಲಿಗ್ರಾಂ, ಏರಿಸುತ್ತದೆ. ನಮ್ಮ 50 ಲೀಟರಿನ ಟ್ಯಾಂಕಿಗೆ 2 ಪಿಪಿಎಂ ಬೇಕಾದರೆ 10 ಮಿಲಿ. ಬಾಟಲಿಯ ಮೇಲೆ ದೊಡ್ಡದಾಗಿ "ವಿಷ" ಎಂದು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಮಾತ್ರ ಖಂಡಿತ ತುಂಬಿಸಬೇಡಿ.

ಅಮೋನಿಯಂ ಕ್ಲೋರೈಡ್ ಸಿಗದ ಊರಿನಲ್ಲಿದ್ದರೆ ಸಿಪ್ಪೆ ಸುಲಿದ ಒಂದು ಸಿಗಡಿಯನ್ನು ಬಟ್ಟೆಯಲ್ಲಿ ಕಟ್ಟಿ ಮುಳುಗಿಸಬಹುದು, ಅಥವಾ ದಿನಾ ಒಂದು ಚಿಟಿಕೆ ಮೀನಿನ ಕಾಳು ಉದುರಿಸಬಹುದು. ಕೊಳೆತು ಅಮೋನಿಯಾ ಬರುತ್ತದೆ. ವಾಸನೆ ಇರುತ್ತದೆ, ನೀರು ಬೆಳ್ಳಗಾಗುತ್ತದೆ, ಪ್ರಮಾಣ ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಆದರೂ ಕೆಲಸ ಆಗುತ್ತದೆ.

ಶುರು ಮಾಡುವುದು

ಟ್ಯಾಂಕನ್ನು ಬರೀ ನೀರಿನಲ್ಲಿ ತೊಳೆಯಿರಿ, ಸಾಬೂನು ಸೋಕಿಸಬೇಡಿ. ಜಲ್ಲಿಯನ್ನು ಅಕ್ಕಿ ತೊಳೆದಂತೆ ನೀರು ತಿಳಿಯಾಗುವವರೆಗೂ ತೊಳೆದು ಹರಡಿ. ಕ್ಲೋರಿನ್ ತೆಗೆದ ನೀರು ತುಂಬಿಸಿ. ಫಿಲ್ಟರ್ ಚಾಲೂ ಮಾಡಿ. ಇನ್ನು ಮೇಲೆ ಅದು ಹಗಲು ರಾತ್ರಿ ಓಡುತ್ತಿರಬೇಕು. ಈ ಬ್ಯಾಕ್ಟೀರಿಯಾಕ್ಕೆ ಅಮೋನಿಯಾದಷ್ಟೇ ಆಮ್ಲಜನಕವೂ ಬೇಕು. "ಶಬ್ದ ಆಗುತ್ತೆ, ಕರೆಂಟ್ ಬಿಲ್ ಬರುತ್ತೆ" ಎಂದು ರಾತ್ರಿ ಆರಿಸುವ ಅಭ್ಯಾಸವೇ ಎಷ್ಟೋ ಟ್ಯಾಂಕುಗಳನ್ನು ತಿಂಗಳಾನುಗಟ್ಟಲೆ ಅರ್ಧದಲ್ಲಿ ನಿಲ್ಲಿಸಿರುತ್ತದೆ. ಚಿಕ್ಕ ಏರ್ ಪಂಪ್ ಎಳೆಯುವ ವಿದ್ಯುತ್ ಕೆಲವೇ ವಾಟ್.

ಉಷ್ಣತೆ 26ರಿಂದ 29 ಡಿಗ್ರಿ ಇದ್ದರೆ ಬೆಳವಣಿಗೆ ಚುರುಕು. ಕರಾವಳಿಯಲ್ಲಿ ವರ್ಷಪೂರ್ತಿ ಅದು ತಾನಾಗಿಯೇ ಸಿಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರು, ಹಾಸನ, ಚಿಕ್ಕಮಗಳೂರಿನ ಟ್ಯಾಂಕಿನ ನೀರು ರಾತ್ರಿ 20ರ ಹತ್ತಿರಕ್ಕೆ ಇಳಿಯಬಹುದು. ಹೀಟರ್ ಇಡಿ, ಇಲ್ಲದಿದ್ದರೆ ಎರಡು ವಾರ ಹೆಚ್ಚು ಕಾಯಲು ಸಿದ್ಧರಾಗಿ. ಕಲಬುರಗಿ, ರಾಯಚೂರಿನ ಬೇಸಗೆಯಲ್ಲಿ ಸಮಸ್ಯೆ ಇದರ ಇನ್ನೊಂದು ತುದಿ: ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಇನ್ನೊಂದು ಏರ್ ಸ್ಟೋನ್ ಸೇರಿಸಿ.

ಲೈಟ್ ಹಾಕಬೇಡಿ. ಗಿಡಗಳಿದ್ದರೆ ದಿನಕ್ಕೆ ಐದಾರು ಗಂಟೆ ಸಾಕು. ಅಮೋನಿಯಾ ತುಂಬಿದ ನೀರಿಗೆ ಬೆಳಕು ಬಿದ್ದರೆ ಪಾಚಿಗೆ ಹಬ್ಬ.

ಈಗ 10 ಮಿಲಿ ದ್ರಾವಣ ಹಾಕಿ. ಒಂದು ಗಂಟೆ ಬಿಟ್ಟು ಅಮೋನಿಯಾ ಅಳೆಯಿರಿ. 2 ಪಿಪಿಎಂ ಸುತ್ತಮುತ್ತ ತೋರಿಸಿದರೆ ಲೆಕ್ಕ ಸರಿ. 4 ದಾಟಲು ಬಿಡಬೇಡಿ. ಹೆಚ್ಚು ಹಾಕಿದರೆ ಬೇಗ ಆಗುತ್ತದೆ ಎನ್ನಿಸಬಹುದು, ಆದರೆ ಅತಿಯಾದ ಅಮೋನಿಯಾ ಎರಡನೆಯ ಗುಂಪಿನ ಬೆಳವಣಿಗೆಯನ್ನೇ ತಡೆಯುತ್ತದೆ.

ಟ್ಯೂಬಿನಲ್ಲಿ ಬಣ್ಣ ಓದುವುದು

ಎಪಿಐ ಕಿಟ್ ಇದ್ದರೆ ಟ್ಯೂಬಿಗೆ 5 ಮಿಲಿ ನೀರು. ಅಮೋನಿಯಾಕ್ಕೆ ಮೊದಲ ಬಾಟಲಿಯ 8 ಹನಿ, ಎರಡನೆಯದರ 8 ಹನಿ, 5 ನಿಮಿಷ ಕಾಯಿರಿ. ಹಳದಿಯೆಂದರೆ ಸೊನ್ನೆ, ಹಸಿರು ಗಾಢವಾದಷ್ಟೂ ಅಮೋನಿಯಾ ಹೆಚ್ಚು. ನೈಟ್ರೈಟ್‌ಗೆ 5 ಹನಿ, 5 ನಿಮಿಷ. ತಿಳಿ ನೀಲಿ ಸೊನ್ನೆ, ನೇರಳೆಯೆಂದರೆ ಇದೆ. ಹನಿ ಹಾಕುವಾಗ ಬಾಟಲಿಯನ್ನು ಓರೆ ಮಾಡದೆ ನೇರ ತಲೆಕೆಳಗಾಗಿ ಹಿಡಿಯಿರಿ, ಆಗ ಹನಿಗಳು ಒಂದೇ ಗಾತ್ರ ಬರುತ್ತವೆ.

ನೈಟ್ರೇಟ್ ಪರೀಕ್ಷೆಯಲ್ಲಿ ಬಹಳ ಜನ ಎಡವುತ್ತಾರೆ. ಅದರ ಎರಡನೆಯ ಬಾಟಲಿಯ ಪುಡಿ ತಳಕ್ಕೆ ಕೂತು ಗಟ್ಟಿಯಾಗಿರುತ್ತದೆ. ಅದನ್ನು ಮೇಜಿಗೆ ಕುಟ್ಟಿ, 30 ಸೆಕೆಂಡು ರಭಸವಾಗಿ ಕುಲುಕಿ, ಹನಿ ಹಾಕಿದ ಮೇಲೆ ಟ್ಯೂಬನ್ನೂ ಪೂರ್ತಿ ಒಂದು ನಿಮಿಷ ಕುಲುಕಬೇಕು. ಹಾಗೆ ಮಾಡದಿದ್ದರೆ ನೈಟ್ರೇಟ್ ಎಷ್ಟೇ ಇದ್ದರೂ ಹಳದಿಯೇ ತೋರಿಸುತ್ತದೆ.

ಬಣ್ಣ ಹೋಲಿಸುವುದನ್ನು ಕಿಟಕಿಯ ಹಗಲು ಬೆಳಕಿನಲ್ಲಿ ಮಾಡಿ, ಹಿಂದೆ ಬಿಳಿ ಕಾಗದ ಇರಲಿ. ಟ್ಯೂಬ್‌ಲೈಟಿನ ಕೆಳಗೆ 0 ಮತ್ತು 0.25ರ ನಡುವಿನ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ವಾರಗಳು ಹೇಗೆ ಸಾಗುತ್ತವೆ

ಮೊದಲ ವಾರ ಏನೂ ಆಗುವುದಿಲ್ಲ. ಅಮೋನಿಯಾ 2ರಲ್ಲೇ ನಿಂತಿರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಅಳೆದರೆ ಸಾಕು. ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಬಹುದು. ಅದು ಬೇರೆ ಬಗೆಯ ಬ್ಯಾಕ್ಟೀರಿಯಾಗಳ ಹೆಚ್ಚಳ, ಕೆಲವು ದಿನಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ನೀರು ತಿಳಿಮಾಡುವ ದ್ರವ ಹಾಕಬೇಡಿ.

ಎರಡನೆಯ ವಾರದ ಹೊತ್ತಿಗೆ ಅಮೋನಿಯಾ ಇಳಿಯತೊಡಗಿ, ನೈಟ್ರೈಟ್ ಟ್ಯೂಬ್ ಮೊದಲ ಸಲ ನೇರಳೆಗೆ ತಿರುಗುತ್ತದೆ. ಮೊದಲ ಗುಂಪು ಬಂದಿದೆ ಎಂದರ್ಥ. ಅಮೋನಿಯಾ 0.5ಕ್ಕಿಂತ ಕೆಳಗೆ ಇಳಿದಾಗೆಲ್ಲ ಮತ್ತೆ 2ಕ್ಕೆ ಏರಿಸಿ.

ಆಮೇಲೆ ಬರುವ ಕಾಲವೇ ತಾಳ್ಮೆ ಕೇಳುವಂಥದ್ದು. ಅಮೋನಿಯಾ ಒಂದೇ ದಿನದಲ್ಲಿ ಕರಗುತ್ತಿರುತ್ತದೆ, ಆದರೆ ನೈಟ್ರೈಟ್ ಕಿಟ್‌ನ ಕೊನೆಯ ಬಣ್ಣಕ್ಕೆ ಹೋಗಿ ಅಲ್ಲೇ ಕೂರುತ್ತದೆ. 2 ಪಿಪಿಎಂ ಅಮೋನಿಯಾ ಕರಗಿದಾಗ 5ಕ್ಕಿಂತ ಹೆಚ್ಚು ಪಿಪಿಎಂ ನೈಟ್ರೈಟ್ ಹುಟ್ಟುತ್ತದೆ. ನಾಲ್ಕು ಸಲ ಹಾಕಿದರೆ 20 ದಾಟುತ್ತದೆ, ಕಿಟ್ ಓದಬಲ್ಲದ್ದು 5ರವರೆಗೆ ಮಾತ್ರ. ಒಳಗೆ ಇಳಿಯುತ್ತಿದ್ದರೂ ಟ್ಯೂಬ್ ಅದೇ ನೇರಳೆ ತೋರಿಸುತ್ತಿರುತ್ತದೆ, ಜನ ಬೇಸತ್ತು ಮೀನು ತಂದುಬಿಡುವುದು ಈ ಹಂತದಲ್ಲೇ. ಇಲ್ಲಿ ಮಾಡಬೇಕಾದದ್ದು: ಅಮೋನಿಯಾವನ್ನು ಅರ್ಧಕ್ಕೆ ಇಳಿಸಿ, ಎರಡು ದಿನಕ್ಕೊಮ್ಮೆ 5 ಮಿಲಿ ಹಾಕಿ. ಅರ್ಧ ನೀರು ಬದಲಿಸಿ, ಅದರಿಂದ ನಷ್ಟವೇನೂ ಇಲ್ಲ, ಕಾರ್ಬೊನೇಟ್ ಕೂಡ ಮರುಪೂರಣ ಆಗುತ್ತದೆ. ನಿಜವಾದ ಮಟ್ಟ ತಿಳಿಯಬೇಕಾದರೆ ಟ್ಯಾಂಕಿನ ನೀರು ಒಂದು ಭಾಗಕ್ಕೆ ಶುದ್ಧ ನೀರು ನಾಲ್ಕು ಭಾಗ ಬೆರೆಸಿ ಅಳೆದು, ಬಂದ ಸಂಖ್ಯೆಯನ್ನು ಐದರಿಂದ ಗುಣಿಸಿ.

ನೈಟ್ರೈಟ್ ಇಳಿಯುವುದು ಮಾತ್ರ ಥಟ್ಟನೆ. ವಾರಗಟ್ಟಲೆ ನೇರಳೆ ಇದ್ದದ್ದು ಒಂದು ದಿನ ಬೆಳಿಗ್ಗೆ ತಿಳಿ ನೀಲಿಯಾಗಿರುತ್ತದೆ. ಆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡುವ ಸಂತೋಷವನ್ನು ಮೀನು ಸಾಕುವ ಪ್ರತಿಯೊಬ್ಬರೂ ಒಮ್ಮೆಯಾದರೂ ಅನುಭವಿಸಲಿ ಎಂದು ನನ್ನ ಆಸೆ.

ಎಲ್ಲವೂ ನಿಂತುಹೋದಂತೆ ಕಂಡರೆ ಮೊದಲು ಪಿಎಚ್ ನೋಡಿ. 6.5ಕ್ಕಿಂತ ಕೆಳಗಿದ್ದರೆ ಅಲ್ಲೇ ಉತ್ತರ ಸಿಕ್ಕಿತು, ನೀರು ಬದಲಿಸಿ, ಸೋಡಾ ಅಥವಾ ಚಿಪ್ಪು ಹಾಕಿ. ಪಿಎಚ್ ಸರಿಯಿದ್ದರೆ ಕ್ಲೋರಿನ್ ತೆಗೆಯದ ನೀರು ಹೋಗಿದೆಯೇ, ಮನೆಯಲ್ಲಿ ಯಾರಾದರೂ ಫಿಲ್ಟರ್ ಆರಿಸುತ್ತಿದ್ದಾರೆಯೇ, ನೀರು ತಣ್ಣಗಿದೆಯೇ ನೋಡಿ. ಅಂಗಡಿಯವರು ಟ್ಯಾಂಕಿನ ಜತೆ ಕೊಡುವ ನೀಲಿ ಔಷಧಿ ಹಾಕಿದ್ದೀರಾ ಎಂಬುದೂ ಮುಖ್ಯ. ಅದು ಮೀಥಿಲೀನ್ ಬ್ಲೂ ಆಗಿದ್ದರೆ ಈ ಬ್ಯಾಕ್ಟೀರಿಯಾಕ್ಕೇ ಪೆಟ್ಟು ಕೊಡುತ್ತದೆ.

ಬೇಗ ಮುಗಿಸುವ ದಾರಿ

ನಂಬಬಹುದಾದ ಅಡ್ಡದಾರಿ ಒಂದೇ: ಚೆನ್ನಾಗಿ ನಡೆಯುತ್ತಿರುವ ಟ್ಯಾಂಕಿನ ಫಿಲ್ಟರ್ ಸ್ಪಾಂಜು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಕೆಲಸ ಮಾಡುತ್ತದೆ. ಸ್ನೇಹಿತರಲ್ಲಿ ಕೇಳಿ ಒಂದು ತುಂಡು ಕತ್ತರಿಸಿ ತನ್ನಿ, ಅಥವಾ ಅವರ ಸ್ಪಾಂಜನ್ನು ನಿಮ್ಮ ಟ್ಯಾಂಕಿನ ನೀರಿನಲ್ಲಿ ಹಿಂಡಿಸಿಕೊಳ್ಳಿ. ಆ ಕಂದು ಗಸಿ ನೋಡಲು ಚೆನ್ನಾಗಿರುವುದಿಲ್ಲ, ಕೆಲಸ ಮಾತ್ರ ಅದ್ಭುತ. ತುಂಡನ್ನು ಅವರ ಟ್ಯಾಂಕಿನ ನೀರಿನಲ್ಲೇ ಒದ್ದೆಯಾಗಿಟ್ಟು, ಕವರಿನಲ್ಲಿ ಗಾಳಿ ಬಿಟ್ಟು, ಅದೇ ದಿನ ತಂದು ಹಾಕಬೇಕು. ಒಣಗಿದರೆ ಪ್ರಯೋಜನವಿಲ್ಲ. ಹೀಗೆ ಮಾಡಿದರೆ ಎರಡು ವಾರದೊಳಗೆ, ಕೆಲವೊಮ್ಮೆ ಒಂದೇ ವಾರದಲ್ಲಿ ಸೈಕಲ್ ಮುಗಿಯಬಹುದು. ಒಂದು ತಿಂಗಳಿಂದ ಹೊಸ ಮೀನು ಸೇರಿಸದ, ರೋಗ ಕಾಣಿಸದ ಟ್ಯಾಂಕನ್ನೇ ಆರಿಸಿ. ಸ್ಪಾಂಜಿನ ಜತೆಗೆ ಬಿಳಿಚುಕ್ಕೆ ರೋಗವೂ ಬರಬಲ್ಲದು.

ಬಾಟಲಿ ಬ್ಯಾಕ್ಟೀರಿಯಾಗಳಲ್ಲಿ ಕೆಲವು ನಿಜಕ್ಕೂ ಸಹಾಯ ಮಾಡುತ್ತವೆ. ಆದರೆ ಬಿಸಿಲಿನ ಗೋದಾಮು, ಲಾರಿ, ಅಂಗಡಿಯ ಗಾಜಿನ ಕಪಾಟು ದಾಟಿ ನಿಮ್ಮ ಕೈ ಸೇರುವ ಹೊತ್ತಿಗೆ ಒಳಗೆ ಎಷ್ಟು ಜೀವ ಉಳಿದಿದೆ ಎನ್ನಲಾಗದು. ಹಾಕಿದರೂ ಪರೀಕ್ಷೆ ಬಿಡಬೇಡಿ. "ಇದು ಹಾಕಿ ಇವತ್ತೇ ಮೀನು ಬಿಡಬಹುದು" ಎಂಬ ಮಾತಿಗೆ ಮೀನಿನ ಜೀವ ಒತ್ತೆ ಇಡಬೇಡಿ.

ಬೇಗ ಬೆಳೆಯುವ ಗಿಡಗಳು ಒಳ್ಳೆಯ ಜತೆಗಾರರು. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಅಮೋನಿಯಾವನ್ನು ನೇರವಾಗಿ ಹೀರುತ್ತವೆ. ಮನಿಪ್ಲಾಂಟ್ ಬಳ್ಳಿಯ ಬೇರನ್ನು ನೀರಿಗೆ ಇಳಿಬಿಟ್ಟು ಎಲೆಯನ್ನು ಹೊರಗಿಟ್ಟರೆ ಅದೂ ಚೆನ್ನಾಗಿ ದುಡಿಯುತ್ತದೆ. ಗಿಡ ತುಂಬಿದ ಟ್ಯಾಂಕಿಗೆ 2ರ ಬದಲು 1 ಪಿಪಿಎಂ ಸಾಕು. ಕೆರೆಯಿಂದ ತಂದ ಗಿಡವಾದರೆ ಬಕೆಟಿನಲ್ಲಿ ಕೆಲವು ದಿನ ಇಟ್ಟು, ನೀರು ಬದಲಿಸಿ, ಹುಳ ಮೊಟ್ಟೆ ನೋಡಿಕೊಂಡೇ ಹಾಕಿ.

ಮುಗಿಯಿತೆಂದು ತಿಳಿಯುವುದು ಹೇಗೆ

ಸಂಜೆ 2 ಪಿಪಿಎಂ ಅಮೋನಿಯಾ ಹಾಕಿ. ಮರುದಿನ ಅದೇ ಹೊತ್ತಿಗೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮೊದಲಿಗಿಂತ ಹೆಚ್ಚು. ಇದು ಒಂದು ದಿನ ಬಂದರೆ ಸಾಲದು, ಬಿಡದೆ ಎರಡು ಮೂರು ದಿನ ಬರಬೇಕು.

ಈ ಹೊತ್ತಿಗೆ ನೈಟ್ರೇಟ್ 50 ದಾಟಿರುತ್ತದೆ, ಕೆಲವೊಮ್ಮೆ 100. ಮೀನು ಬರುವ ಹಿಂದಿನ ದಿನ ಮುಕ್ಕಾಲು ಪಾಲು ನೀರು ಬದಲಿಸಿ, 20ರ ಹತ್ತಿರಕ್ಕೆ ತನ್ನಿ. ಹೊಸ ನೀರು ಕ್ಲೋರಿನ್ ಇಲ್ಲದ್ದು, ಹೆಚ್ಚುಕಡಿಮೆ ಅದೇ ಉಷ್ಣತೆಯದ್ದು ಆಗಿರಬೇಕು. ಮೀನು ತರುವುದು ತಡವಾದರೆ ದಿನ ಬಿಟ್ಟು ದಿನ 5 ಮಿಲಿ ದ್ರಾವಣ ಹಾಕುತ್ತಾ ಬ್ಯಾಕ್ಟೀರಿಯಾವನ್ನು ಹಸಿವಿನಿಂದ ಕಾಪಾಡಿ.

ಬೆಂಗಳೂರು, ಮೈಸೂರಿನ ಅಂಗಡಿಗಳಿಗೆ ಚೆನ್ನೈನ ಕೊಳತ್ತೂರು ಕಡೆಯಿಂದ ಬಹಳಷ್ಟು ಮೀನು ಬರುತ್ತದೆ. ರಾತ್ರಿಯಿಡೀ ಕವರಿನಲ್ಲಿ ಪ್ರಯಾಣ ಮಾಡಿ ಬಳಲಿರುತ್ತವೆ. ಅಂಗಡಿಗೆ ಬಂದು ನಾಲ್ಕೈದು ದಿನವಾದ, ಚೆನ್ನಾಗಿ ತಿನ್ನುತ್ತಿರುವ ಮೀನನ್ನೇ ಕೇಳಿ ತೆಗೆದುಕೊಳ್ಳಿ. ಮನೆಗೆ ತಂದ ಮೇಲೆ ಕಟ್ಟಿದ ಕವರನ್ನೇ 15ರಿಂದ 20 ನಿಮಿಷ ತೇಲಿಬಿಟ್ಟು, ಬಿಚ್ಚಿ, ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಬಲೆಯಲ್ಲಿ ಎತ್ತಿ ಬಿಡಿ. ಕವರಿನ ನೀರು ಟ್ಯಾಂಕಿಗೆ ಬೇಡ. ಹಲವು ಗಂಟೆ ಕಟ್ಟಿದ್ದ ಕವರಾದರೆ ಬಿಚ್ಚಿದ ಮೇಲೆ ತಡಮಾಡಬೇಡಿ. ಒಳಗೆ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಿದ್ದಂತೆ ಪಿಎಚ್ ಏರಿ, ಅಲ್ಲಿಯವರೆಗೆ ಸುಮ್ಮನಿದ್ದ ಅಮೋನಿಯಾ ವಿಷದ ರೂಪ ತಾಳುತ್ತದೆ.

ಎರಡು ಅಡಿಯ ಟ್ಯಾಂಕಿಗೆ ಮೊದಲು ಆರು ಝೀಬ್ರಾ ಡ್ಯಾನಿಯೋ ಅಥವಾ ನಾಲ್ಕೈದು ಗಪ್ಪಿ ಸಾಕು. ಗೋಲ್ಡ್‌ಫಿಶ್ ಬೇಡ, ಅವು ದೊಡ್ಡದಾಗಿ ಬೆಳೆಯುತ್ತವೆ, ಹೊಲಸೂ ಹೆಚ್ಚು. ಮೊದಲ ವಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಎರಡನೆಯ, ನಾಲ್ಕನೆಯ, ಏಳನೆಯ ದಿನ ಅಮೋನಿಯಾ, ನೈಟ್ರೈಟ್ ಅಳೆಯಿರಿ. ಎರಡೂ ಸೊನ್ನೆಯಲ್ಲೇ ನಿಂತರೆ ಎರಡು ವಾರ ಬಿಟ್ಟು ಉಳಿದ ಮೀನು ತನ್ನಿ.

ಮೀನು ಆಗಲೇ ಬಿಟ್ಟಾಗಿದ್ದರೆ

ಮಗು ಹಠ ಮಾಡಿತು, ಯಾರೋ ಉಡುಗೊರೆ ಕೊಟ್ಟರು, ಹೀಗೆ ಆಗುತ್ತದೆ. ಆಗ ಅಮೋನಿಯಾ ಹಾಕುವ ಮಾತೇ ಇಲ್ಲ. ಪ್ರತಿದಿನ ಅಳೆಯಿರಿ. ಅಮೋನಿಯಾ, ನೈಟ್ರೈಟ್ ಸೇರಿ 0.5 ಪಿಪಿಎಂ ದಾಟಿದರೆ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ನೀರು ಬದಲಿಸಿ, ಬೇಕಾದರೆ ದಿನವೂ. ಆಹಾರ ಎರಡು ದಿನಕ್ಕೊಮ್ಮೆ, ಸ್ವಲ್ಪವೇ. ನೈಟ್ರೈಟ್ ಏರಿದಾಗ 10 ಲೀಟರಿಗೆ 1 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿದರೆ ಅದರ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ಒಳಹೋಗದಂತೆ ತಡೆಯುತ್ತದೆ. ನೀರು ಬದಲಿಸಿದಾಗ ಹೊಸ ನೀರಿನ ಪಾಲಿನ ಉಪ್ಪನ್ನಷ್ಟೇ ಸೇರಿಸಿ. ಸ್ನೇಹಿತರ ಸ್ಪಾಂಜಿಗಾಗಿ ಅಂದೇ ಫೋನ್ ಮಾಡಿ, ಈ ಸ್ಥಿತಿಯಲ್ಲಿ ಮೀನನ್ನು ಉಳಿಸುವುದು ಎಲ್ಲಕ್ಕಿಂತ ಹೆಚ್ಚಾಗಿ ಅದೇ.

ಕರೆಂಟ್ ಹೋದಾಗ, ಫಿಲ್ಟರ್ ತೊಳೆಯುವಾಗ

ಸ್ಪಾಂಜ್ ಫಿಲ್ಟರ್ ಟ್ಯಾಂಕಿನೊಳಗೇ ಇರುವುದರಿಂದ ಕೆಲವು ಗಂಟೆ ಕರೆಂಟ್ ಇಲ್ಲದಿದ್ದರೂ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತದೆ. ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಬಹಳ ಹೊತ್ತು ನಿಂತಿದ್ದರೆ ಒಳಗಿನ ಕೊಳೆತ ನೀರನ್ನು ಚೆಲ್ಲಿಯೇ ಮತ್ತೆ ಚಾಲೂ ಮಾಡಿ. ಲೋಡ್ ಶೆಡ್ಡಿಂಗ್ ಇರುವ ಊರಿನಲ್ಲಿ ಏರ್ ಪಂಪಿನ ಪ್ಲಗ್ಗನ್ನು ಇನ್ವರ್ಟರ್ ಪಾಯಿಂಟಿಗೆ ಕೊಡಿ, ಇಲ್ಲವೇ ಬ್ಯಾಟರಿ ಏರ್ ಪಂಪ್ ಒಂದಿರಲಿ.

ಫಿಲ್ಟರಿನ ಹರಿವು ಕಡಿಮೆಯಾದಾಗ ಮಾತ್ರ ಸ್ಪಾಂಜು ತೊಳೆಯಿರಿ. ವಾರದ ನೀರು ಬದಲಾವಣೆಯಲ್ಲಿ ತೆಗೆದ ಟ್ಯಾಂಕಿನ ನೀರನ್ನೇ ಬಕೆಟಿನಲ್ಲಿಟ್ಟುಕೊಂಡು, ಅದರಲ್ಲಿ ನಾಲ್ಕು ಸಲ ಹಿಂಡಿ ವಾಪಸ್ ಇಡಿ. ಜೋಡಿ ಸ್ಪಾಂಜಾದರೆ ಈ ವಾರ ಒಂದು, ಎರಡು ವಾರ ಬಿಟ್ಟು ಇನ್ನೊಂದು. ಬಕೆಟಿನಲ್ಲಿ ಉಳಿದ ಕಂದು ನೀರನ್ನು ಹೂಕುಂಡಕ್ಕೆ ಹಾಕಿ, ಉಪ್ಪು ಹಾಕಿದ ಟ್ಯಾಂಕಿನದಾಗಿದ್ದರೆ ಮಾತ್ರ ಬೇಡ.